ಸುಸ್ತಿಗೂ ಒಂದು ಲೆಕ್ಕ: ರುಮಟಾಯ್ಡ್, ಲೂಪಸ್ ಇರುವವರು ಆಯಾಸ ಅಳೆದುಕೊಳ್ಳುವ ಬಗೆ

“ಹೇಗಿದ್ದೀರಮ್ಮಾ?” ಅಂತ ಡಾಕ್ಟರು ಕೇಳುತ್ತಾರೆ. “ಪರವಾಗಿಲ್ಲ ಸಾರ್” ಅನ್ನುತ್ತೇವೆ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ, ಶುರುವಾದ ಮೊದಲ ಮೂರು ವರ್ಷ ನಾನು ಕೊಟ್ಟ ಉತ್ತರವೂ ಇದೇ. ಬೆಳಗಿನ ಜಾವ ತುಮಕೂರಿನಲ್ಲಿ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಟೋಕನ್ ತೊಗೊಂಡು ಎರಡು ಗಂಟೆ ಕಾದು, ಒಳಗೆ ಸಿಗುವ ಐದಾರು ನಿಮಿಷದಲ್ಲಿ ಬೆರಳಿನ ಗೆಣ್ಣು ಒತ್ತಿಸಿಕೊಂಡು, ಉರಿಯೂತ ತೋರಿಸುವ ಇಎಸ್‌ಆರ್ ರಕ್ತಪರೀಕ್ಷೆಯ ರಿಪೋರ್ಟ್ ತೋರಿಸಿ, ಮಾತ್ರೆ ಬರೆಸಿಕೊಂಡು ವಾಪಸು. ಊಟದ ಬೆಲ್ ಆದಮೇಲಿನ ಎರಡನೇ ಪೀರಿಯಡ್ ಹೊತ್ತಿಗೆ ಸೀಮೆಸುಣ್ಣ ಹಿಡಿದ ಕೈ ಬೋರ್ಡಿನವರೆಗೆ ಏಳದೆ ನಾನು ಕುರ್ಚಿಗೆ ಕುಸಿಯುತ್ತಿದ್ದ ಸಂಗತಿ ಆ ದಪ್ಪ ಫೈಲಿನಲ್ಲಿ ಒಂದು ಸಾಲೂ ಇಲ್ಲ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಕೇಳದಿದ್ದುದಕ್ಕೆ ಕಾರಣವೂ ಇದೆ. ರುಮಟಾಯ್ಡ್ ಎಷ್ಟು ಜೋರಾಗಿದೆ ಅಂತ ನೋಡಲು ಡಾಕ್ಟರುಗಳು ಹೆಚ್ಚಾಗಿ ಬಳಸುವ ಲೆಕ್ಕ ಡಿಎಎಸ್-28. ಅದರಲ್ಲಿ 28 ಕೀಲುಗಳನ್ನು ಒತ್ತಿ ನೋವೆಷ್ಟು, ಊತವೆಷ್ಟು ಎಂದು ಎಣಿಸುತ್ತಾರೆ. ಇಎಸ್‌ಆರ್ ಅಥವಾ ಅಂಥದ್ದೇ ಇನ್ನೊಂದು ರಕ್ತಪರೀಕ್ಷೆಯಾದ ಸಿಆರ್‌ಪಿ ಸೇರಿಸುತ್ತಾರೆ. ಒಟ್ಟಾರೆ ಹೇಗಿದ್ದೀರಿ ಎಂಬ ಒಂದು ಗುರುತು ಹಾಕಿಸಿಕೊಳ್ಳುತ್ತಾರೆ. 2.6ಕ್ಕಿಂತ ಕಡಿಮೆ ಬಂದರೆ ಕಾಯಿಲೆ ಹತೋಟಿಗೆ ಬಂದಿದೆ ಎಂದರ್ಥ, 5.1 ದಾಟಿದರೆ ಜೋರಾಗಿದೆ ಎಂದರ್ಥ. ಸುಸ್ತಿಗೆ ಇಲ್ಲಿ ಅದರದೇ ಮನೆ ಇಲ್ಲ. ಲೂಪಸ್ (ಅದೇ ರಕ್ಷಣಾ ಶಕ್ತಿ ಚರ್ಮ, ಕೀಲು, ಕಿಡ್ನಿ ಹೀಗೆ ಹಲವು ಕಡೆ ತಿರುಗಿಬೀಳುವ ಕಾಯಿಲೆ) ಇರುವವರಿಗೆ ಹಾಕುವ ಸ್ಲೆಡಾಯ್ ಲೆಕ್ಕದಲ್ಲೂ ಇಲ್ಲ. ಹಾಗಾಗಿ ರಿಪೋರ್ಟು ಚೊಕ್ಕವಾಗಿರುತ್ತದೆ, ನಾವು ಮಾತ್ರ ಮಂಚ ಬಿಟ್ಟೇಳುವುದಿಲ್ಲ.

ಈ ಕೊರತೆಯನ್ನು ಮೊದಲು ಎತ್ತಿದವರು ರೋಗಿಗಳೇ. ರುಮಟಾಲಜಿಯಲ್ಲಿ, ಅಂದರೆ ಇಂಥ ಕಾಯಿಲೆಗಳ ವೈದ್ಯಶಾಸ್ತ್ರದಲ್ಲಿ, ಏನನ್ನು ಅಳೆಯಬೇಕು ಎಂದು ನಿರ್ಧರಿಸುವ ಓಮರಾಕ್ಟ್ ಎಂಬ ಅಂತರರಾಷ್ಟ್ರೀಯ ಬಳಗ 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಸೇರಿದಾಗ ಮೊದಲ ಸಲ ರೋಗಿಗಳನ್ನೂ ಕರೆಯಿತು. ನೋವಿನ ಜೊತೆಗೆ ಆಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಅವರು ಹೇಳಿದರು. 2006ರಲ್ಲಿ ಮಾಲ್ಟಾದಲ್ಲಿ ಸೇರಿದಾಗ, ರುಮಟಾಯ್ಡ್ ಅಧ್ಯಯನಗಳಲ್ಲಿ ಸಾಧ್ಯವಿದ್ದ ಕಡೆಯೆಲ್ಲ ಆಯಾಸವನ್ನೂ ಅಳೆಯಬೇಕು ಎಂಬ ಒಮ್ಮತಕ್ಕೆ ಬಂದರು. ಯುರೋಪಿನ ರುಮಟಾಲಜಿ ಒಕ್ಕೂಟವಾದ ಯೂಲಾರ್‌ನ 2023ರ ಶಿಫಾರಸು ಇನ್ನೂ ಮುಂದೆ ಹೋಗಿ, ದಿನನಿತ್ಯದ ಚಿಕಿತ್ಸೆಯಲ್ಲೂ ಆಯಾಸವನ್ನು ಆಗಾಗ ವಿಚಾರಿಸುತ್ತಿರಬೇಕು ಎನ್ನುತ್ತದೆ. ನಮ್ಮ ಒಪಿಡಿಗಳ ನೂಕುನುಗ್ಗಲಿನಲ್ಲಿ ಅದು ತಾನಾಗಿ ಆಗುತ್ತದೆ ಎಂದು ಕಾಯುವ ಬದಲು ನಮ್ಮ ಲೆಕ್ಕವನ್ನು ನಾವೇ ಒಯ್ಯೋಣ. ಅದಕ್ಕೆ ಬೇಕಾದ್ದು ಒಂದು ಗೋಡೆ ಕ್ಯಾಲೆಂಡರ್, ಒಂದು ಪೆನ್ನು.

ಹೆಜ್ಜೆ 1: ನಿಮ್ಮ ‘ಸುಸ್ತು’ ಯಾವುದು, ಬಿಡಿಸಿ ನೋಡಿ

ಕನ್ನಡದ ‘ಸುಸ್ತು’ ಬಹಳ ಉದಾರವಾದ ಮಾತು. ತಲೆ ಸುತ್ತಿದರೂ ಸುಸ್ತು, ನಿದ್ದೆ ಬಂದರೂ ಸುಸ್ತು, ಮೆಟ್ಟಿಲು ಹತ್ತಿ ಏದುಸಿರು ಬಂದರೂ ಸುಸ್ತು, ಮನಸ್ಸು ಮಂಕಾದರೂ ಸುಸ್ತು. ಉತ್ತರ ಕರ್ನಾಟಕದವರು ‘ಮೈಯಾಗ ಕಸುವಿಲ್ಲ’ ಅನ್ನುತ್ತಾರೆ. ಮನೆಯವರಿಗೆ ಇಷ್ಟು ಸಾಕು, ಡಾಕ್ಟರಿಗೆ ಸಾಲದು. ಅಳೆಯುವ ಮೊದಲು ಒಂದು ಚೀಟಿಯಲ್ಲಿ ಇವಿಷ್ಟನ್ನು ಬೇರೆ ಬೇರೆ ಬರೆದು, ನಿಮ್ಮದು ಯಾವುದು ಎಂದು ನೋಡಿಕೊಳ್ಳಿ.

ನಿದ್ದೆ ಎಳೆಯುವುದು ಒಂದು. ಬಸ್ಸಿನಲ್ಲಿ, ಟಿವಿ ಮುಂದೆ, ಊಟವಾದಮೇಲೆ ಕೂತಲ್ಲೇ ತೂಕಡಿಸುತ್ತೀರಾದರೆ ಅದು ಬೇರೆಯೇ ಸಂಗತಿ. ಅದಕ್ಕೆ ಎಪ್‌ವರ್ತ್ ಎಂಬ ಅಳತೆ ಇದೆ: ಎಂಟು ಸಂದರ್ಭ, ಒಂದೊಂದಕ್ಕೆ 0ಯಿಂದ 3, ಒಟ್ಟು 24. ಹತ್ತು ದಾಟಿದರೆ ರಾತ್ರಿಯ ನಿದ್ದೆಯಲ್ಲೇ ಏನೋ ಎಡವಟ್ಟಿದೆ ಎಂದು ವಿಚಾರಿಸಬೇಕು. ಜೋರಾಗಿ ಗೊರಕೆ ಹೊಡೆಯುವವರಾದರೆ ಉಸಿರು ಕಟ್ಟುವ ತೊಂದರೆಯೂ ಇರಬಹುದು.

ಬಲ ಇಲ್ಲದಿರುವುದು ಇನ್ನೊಂದು. ಕುಕ್ಕರಗಾಲಲ್ಲಿ ಕೂತವರು ನೆಲಕ್ಕೆ ಕೈ ಊರದೆ ಏಳಲಾಗದು, ತಲೆ ಬಾಚಲು ಕೈ ಮೇಲಕ್ಕೆ ಹೋಗದು ಎಂಬಂತಾದರೆ ಅದನ್ನು ಆಯಾಸ ಎಂದು ಕ್ಯಾಲೆಂಡರಿನಲ್ಲಿ ಬರೆಯುತ್ತ ಕೂರಬೇಡಿ. ಸ್ನಾಯುವಿಗೇ ಉರಿಯೂತ ತಗುಲಿರಬಹುದು. ಅದೇ ವಾರ ಡಾಕ್ಟರಿಗೆ ತೋರಿಸಿ. ಹೊಸದಾಗಿ ಏದುಸಿರು, ಎದೆನೋವು, ಬಿಡದ ಜ್ವರ, ಮುಖ ಅಥವಾ ಕಾಲು ಊದಿಕೊಳ್ಳುವುದು, ನೊರೆನೊರೆ ಮೂತ್ರ, ನೋವಿನ ಮಾತ್ರೆ ನುಂಗುವವರಿಗೆ ಕಪ್ಪು ಮಲ, ಇವುಗಳಿಗೂ ಅದೇ ಮಾತು. ಲೂಪಸ್ ಇರುವವರಂತೂ ನೊರೆ ಮೂತ್ರವನ್ನು ಉದಾಸೀನ ಮಾಡಲೇಬಾರದು, ಕಿಡ್ನಿಗೆ ಕಾಯಿಲೆ ಮುಟ್ಟಿದ್ದರ ಸೂಚನೆ ಅದಿರಬಹುದು.

ಇವೆಲ್ಲ ಕಳೆದು ಉಳಿಯುವುದು ನಾವು ಅಳೆಯಬೇಕಾದ ಸುಸ್ತು. ನಿದ್ದೆ ಮಾಡಿ ಎದ್ದರೂ ಹೋಗದ್ದು, ಮಾಡಿದ ಕೆಲಸಕ್ಕೂ ಆದ ದಣಿವಿಗೂ ತಾಳೆಯಾಗದ್ದು, ಹೇಳದೆ ಕೇಳದೆ ಬಂದು ಕವುಚಿಕೊಳ್ಳುವಂಥದ್ದು. ಗದ್ದೆ ನಾಟಿ ಮಾಡಿ ಬಂದವರ ದಣಿವಿನಲ್ಲಿ ಒಂದು ಸುಖ ಇರುತ್ತದೆ. ಇದರಲ್ಲಿ ಅದಿಲ್ಲ.

ಇದರೊಳಗೂ ಎಳೆಗಳಿವೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಸಾರಾ ಹ್ಯೂಲೆಟ್ ಅವರ ತಂಡ ರೋಗಿಗಳ ಮಾತುಗಳನ್ನೇ ಇಟ್ಟುಕೊಂಡು ಕಟ್ಟಿದ ಬ್ರಾಫ್ ಪ್ರಶ್ನಾವಳಿ (2010) ನಾಲ್ಕು ಎಳೆ ಬಿಡಿಸುತ್ತದೆ: ಮೈಯ ಸುಸ್ತು, ದಿನದ ಬದುಕಿಗೆ ಬೀಳುವ ಪೆಟ್ಟು, ಬುದ್ಧಿಯ ಮಂಕು, ಮನಸ್ಸಿನ ಕುಗ್ಗು. ಮೂರನೆಯದನ್ನು ನಾನು ಬಹಳ ದಿನ ವಯಸ್ಸಿನ ಮರೆವು ಎಂದುಕೊಂಡಿದ್ದೆ. ಹತ್ತನೇ ಕ್ಲಾಸಿಗೆ ವರ್ಗಸಮೀಕರಣ ಬಿಡಿಸುತ್ತಿದ್ದೆ. ಆ ಕಡೆಯ 7 ಅನ್ನು ಈ ಕಡೆ ತಂದಾಗ ಚಿಹ್ನೆ ಬದಲಿಸಿದೆನೋ ಇಲ್ಲವೋ ಎಂದು ಮೂರು ಸಲ ಹಿಂದೆ ತಿರುಗಿ ನೋಡಿದೆ. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಮಾಡಿದ ಲೆಕ್ಕ ಅದು. ಮುಂದಿನ ಬೆಂಚಿನ ಹುಡುಗಿ “ಮಿಸ್, ಮೈನಸ್ ಏಳು” ಅಂತ ಮೆಲ್ಲಗೆ ಹೇಳಿಕೊಟ್ಟಳು. ಆ ದಿನ ಕೀಲು ಒಂದೂ ನೋಯುತ್ತಿರಲಿಲ್ಲ.

ಹೆಜ್ಜೆ 2: ದಿನಕ್ಕೊಂದು ಅಂಕಿ, ಹಾಲಿನ ಲೆಕ್ಕದ ಪಕ್ಕದಲ್ಲಿ

ಮೊಬೈಲಿನಲ್ಲಿ ಇದಕ್ಕೆಂದೇ ಆ್ಯಪ್‌ಗಳಿವೆ. ನಾನು ಎರಡನ್ನು ಹಾಕಿಕೊಂಡು ಎರಡನ್ನೂ ಹದಿನೈದು ದಿನಕ್ಕೆ ಬಿಟ್ಟೆ. ಸುಸ್ತಾದವರಿಗೆ ಸುಸ್ತಿನ ಬಗ್ಗೆ ಹದಿನಾಲ್ಕು ಪ್ರಶ್ನೆ ಕೇಳುವುದು ಒಂಥರಾ ಕ್ರೌರ್ಯ. ಕೊನೆಗೆ ಉಳಿದದ್ದು ಅಡುಗೆಮನೆಯ ಗೋಡೆ ಕ್ಯಾಲೆಂಡರ್. ಹಾಲು ಒಂದೋ ಒಂದೂವರೆಯೋ ಎಂದು ಬರೆಯುವ ಅದೇ ಚೌಕದ ಕೆಳಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಒಂದಂಕಿ. ಹೇಗೂ ದಿನಾ ಅಲ್ಲಿಗೆ ಕೈ ಹೋಗುತ್ತದೆ, ಮರೆಯುವ ಮಾತೇ ಇಲ್ಲ.

ಅಂಕಿ 0ಯಿಂದ 10. ಸೊನ್ನೆ ಎಂದರೆ ಸುಸ್ತೇ ಇಲ್ಲ, ಹತ್ತು ಎಂದರೆ ಇದಕ್ಕಿಂತ ಸುಸ್ತಾಗಲು ಸಾಧ್ಯವಿಲ್ಲ. ಡಾಕ್ಟರುಗಳು ಬಳಸುವ ಅಳತೆಗಳಲ್ಲೂ ಈ ಬಗೆ ಮಾಮೂಲು. ಬೆನ್ನುಮೂಳೆಯ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ 1994ರಿಂದ ಬಳಕೆಯಲ್ಲಿರುವ ಬಾಸ್ಡಾಯ್‌ನ ಮೊದಲ ಪ್ರಶ್ನೆಯೇ ಆಯಾಸದ್ದು, 0ಯಿಂದ 10. ಕಣ್ಣು ಬಾಯಿ ಒಣಗಿಸುವ ಶೋಗ್ರೆನ್ ಕಾಯಿಲೆಯ ಎಸ್ಪ್ರಿ ಅಳತೆಯಲ್ಲಿ ಒಣಗು, ಆಯಾಸ, ನೋವು ಎಂಬ ಮೂರು ಅಂಕಿಯ ಸರಾಸರಿ. ಅದು ಕೇಳುವುದು ಕಳೆದ ಎರಡು ವಾರದ್ದು. ನಿಮ್ಮ ಕಾಯಿಲೆ ಇವೆರಡರಲ್ಲಿ ಒಂದಾದರೆ ಡಾಕ್ಟರು ಈಗಾಗಲೇ ಈ ಅಂಕಿ ಕೇಳುತ್ತಿರಬಹುದು. ಹೊರಗೆ ಕೂತಾಗಲೇ ಯೋಚಿಸಿಟ್ಟುಕೊಳ್ಳಿ, ಬಾಗಿಲಲ್ಲಿ ನಿಂತು ಊಹಿಸಬೇಡಿ.

ಹೆಜ್ಜೆ 3: ಸೊನ್ನೆಗೂ ಹತ್ತಕ್ಕೂ ಗೂಟ ಹೊಡೆಯಿರಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹೆಜ್ಜೆ ಇದು. ಹೊಲ ಅಳೆಯುವವನು ಮೊದಲು ಎರಡೂ ತುದಿಗೆ ಗೂಟ ಹೊಡೆಯುತ್ತಾನೆ. ಗೂಟವಿಲ್ಲದೆ ಹಿಡಿದ ಟೇಪು ದಿನಕ್ಕೊಂದು ಅಳತೆ ಕೊಡುತ್ತದೆ.

ನಾನು ಮೊದಲು ಹೊಡೆದ ಗೂಟವೇ ತಪ್ಪಿತ್ತು. “8 ಅಂದರೆ ಕುಕ್ಕರ್ ಮುಚ್ಚಳ ತೆಗೆಯಲಾಗದ ದಿನ” ಎಂದು ಬರೆದುಕೊಂಡಿದ್ದೆ. ಎರಡು ತಿಂಗಳಾದಮೇಲೆ ನೋಡಿದರೆ ನನ್ನ ಸುಸ್ತಿನ ಅಂಕಿಯೂ ಮಣಿಕಟ್ಟಿನ ನೋವೂ ಅವಳಿ ಮಕ್ಕಳ ಹಾಗೆ ಜೊತೆಜೊತೆಗೆ ಏರಿಳಿಯುತ್ತಿದ್ದವು. ಆಶ್ಚರ್ಯವೇನು? ಕುಕ್ಕರ್ ಮುಚ್ಚಳ ಕೇಳುವುದು ಮಣಿಕಟ್ಟನ್ನು. ನಾನು ಅಷ್ಟು ದಿನ ಅಳೆದದ್ದು ನೋವನ್ನು. ಬೆರಳು ಮಡಚುವುದು, ಗುಂಡಿ ಹಾಕುವುದು, ಕೊಡ ಎತ್ತುವುದು, ಇಂಥ ಯಾವ ಕೆಲಸವನ್ನೂ ಸುಸ್ತಿಗೆ ಗುರುತಾಗಿ ಇಟ್ಟುಕೊಳ್ಳಬೇಡಿ.

ಆಮೇಲೆ ತಿದ್ದಿಕೊಂಡ ಗೂಟಗಳು ಇವು. ಕ್ಯಾಲೆಂಡರಿನ ಜನವರಿ ಹಾಳೆಯ ಹಿಂಬದಿಗೆ ಬರೆದಿಟ್ಟಿದ್ದೇನೆ. 0: ರಾತ್ರಿ ಊಟವಾದಮೇಲೂ ಯಾರಾದರೂ ಬಂದರೆ ಕೂತು ಹರಟುವ ಹುಮ್ಮಸ್ಸಿದೆ. 3: ಎಲ್ಲ ಕೆಲಸ ಆಗುತ್ತದೆ, ಒಂಬತ್ತಕ್ಕೆ ಹಾಸಿಗೆ ಕಂಡರೆ ಸಾಕು. 5: ಅಡುಗೆ ಮುಗಿಯುವುದರೊಳಗೆ ಎರಡು ಸಲ ಸ್ಟೂಲ್ ಎಳೆದುಕೊಂಡು ಕೂರಬೇಕು. 8: ಫೋನ್ ರಿಂಗಾಗುತ್ತದೆ, ತಂಗಿಯದೇ ಎಂದು ಗೊತ್ತು, ಮಾತಾಡಲು ಆಗದು, ಬಿಟ್ಟುಬಿಡುತ್ತೇನೆ. 10: ಹಸಿದಿದ್ದೇನೆ, ತಟ್ಟೆ ಪಕ್ಕದಲ್ಲೇ ಇದೆ, ಎದ್ದು ಕೂತು ತಿನ್ನಲಾರೆ.

ನಿಮ್ಮ ಗೂಟಗಳು ನಿಮ್ಮ ಮನೆಯವೇ ಆಗಲಿ. ದನ ಕಟ್ಟುವವರಿಗೆ ಕೊಟ್ಟಿಗೆ, ಐಟಿಯವರಿಗೆ ಸಂಜೆಯ ಕೊನೆಯ ಮೀಟಿಂಗು. ಒಮ್ಮೆ ಬರೆದಮೇಲೆ ಮಾತ್ರ ಬದಲಿಸಬೇಡಿ. ಕಾಯಿಲೆ ಹಳತಾದಂತೆ ನಾವು ಸುಸ್ತಿಗೆ ಒಗ್ಗಿಕೊಳ್ಳುತ್ತೇವೆ. ಎರಡು ವರ್ಷದ ಹಿಂದಿನ 7 ಈಗ ‘ಮಾಮೂಲಿ, 4 ಹಾಕು’ ಅನ್ನಿಸತೊಡಗುತ್ತದೆ. ಗೂಟ ಬರೆದಿಟ್ಟಿದ್ದರೆ ಈ ಜಾರುವಿಕೆ ಗೊತ್ತಾಗುತ್ತದೆ.

ಅಂಕಿ ಒಗ್ಗದವರಿಗೆ ಏನು ಮಾಡುವುದು? ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ನನ್ನದೇ ಕಾಯಿಲೆ, ವಯಸ್ಸು ಎಂಬತ್ತರ ಮೇಲೆ. ಅವರ ಸೊಸೆ ನನ್ನನ್ನು ನೋಡಿ “ಅತ್ತೆ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಸುಸ್ತು?” ಎಂದು ಕೇಳಿದರೆ ಅಜ್ಜಿ ದಿನಾ “ಹತ್ತು” ಅನ್ನುತ್ತಿದ್ದರು, ಕೇಳುವವರು ಸಿಕ್ಕಾಗ ಪೂರ್ತಿ ಹೇಳಿಬಿಡೋಣ ಅಂತ. ಒಂದು ದಿನ ನಾನು ಬೇರೆ ಥರ ಕೇಳಿದೆ: “ಅಜ್ಜೀ, ರೂಪಾಯಿಗೆ ಎಷ್ಟಾಣೆ ಶಕ್ತಿ ಇದೆ ಇವತ್ತು?” ಅಜ್ಜಿ ಸ್ವಲ್ಪ ಯೋಚಿಸಿ “ಆರಾಣೆ ಇದೆ ಕಣವ್ವ, ನಿನ್ನೆ ನಾಲ್ಕಾಣೆನೂ ಇರ್ಲಿಲ್ಲ” ಅಂದರು. ಆಣೆ ಲೆಕ್ಕ 1957ರಲ್ಲೇ ಸರ್ಕಾರದ ಮಟ್ಟಿಗೆ ಮುಗಿಯಿತು, ಅಜ್ಜಿಯ ಮಟ್ಟಿಗೆ ಮುಗಿದಿಲ್ಲ. ಹದಿನಾರಾಣೆಯ ಅಳತೆಗೋಲು ಅವರಿಗೆ ಮೈಗೂಡಿದ್ದು, ನಮ್ಮ ಹತ್ತರದ್ದಕ್ಕಿಂತ ಸಣ್ಣ ಗೆರೆಗಳೂ ಅದರಲ್ಲಿವೆ. ನೆನಪಿಡಿ, ಇದು ಶಕ್ತಿಯ ಲೆಕ್ಕ, ಹೆಚ್ಚಾದಷ್ಟೂ ಒಳ್ಳೆಯದು. ಡಾಕ್ಟರಿಗೆ ತೋರಿಸುವಾಗ ಮೇಲೆ ಹಾಗೆಂದು ಬರೆದಿರಿ. ಮತ್ತೆ, ಇದು ಮನೆಬಳಕೆಗೆ ಮಾತ್ರ. ಸಂಶೋಧನೆಯವರು ಕೊಟ್ಟ ಫಾರ್ಮ್‌ನಲ್ಲಿ ಆಣೆ ಬರೆಯಬೇಡಿ.

ಹೆಜ್ಜೆ 4: ಒಂದೇ ಹೊತ್ತು

ಸಂಜೆ ದೀಪ ಹಚ್ಚಿದಮೇಲೆ, ಊಟಕ್ಕೆ ಮುಂಚೆ. ಇದು ನನ್ನ ಹೊತ್ತು. ನಿಮಗೆ ಬೇರೆ ಇರಬಹುದು, ಆದರೆ ದಿನಾ ಅದೇ ಇರಲಿ. ಬೆಳಿಗ್ಗೆಯ ಕೀಲುಬಿಗಿತದ ಹೊತ್ತಿನಲ್ಲಿ ಬರೆದರೆ ಬಿಗಿತವೇ ಅಂಕಿಯಾಗುತ್ತದೆ. ಬರೆಯುವ ಮುಂಚೆ ನಿನ್ನೆಯ ಅಂಕಿ ನೋಡಬೇಡಿ. ಒಂದು ದಿನ ತಪ್ಪಿದರೆ ಖಾಲಿ ಬಿಡಿ. ವಾರದ ಕೊನೆಗೆ ಕೂತು ಏಳು ದಿನದ್ದನ್ನೂ ನೆನಪಿನಿಂದ ತುಂಬುವುದು ಹಾಜರಿ ಪುಸ್ತಕದಲ್ಲಿ ಸುಳ್ಳು ಸಹಿ ಹಾಕಿದ ಹಾಗೆ. ನೆನಪಿಗೆ ಕೆಟ್ಟ ದಿನವೇ ದೊಡ್ಡದಾಗಿ ಕಾಣುತ್ತದೆ. ಒಟ್ಟಿಗೆ ನೆನೆದು ಹಾಕಿದ ಅಂಕಿ ದಿನದಿನದ ಸರಾಸರಿಗಿಂತ ಸಾಮಾನ್ಯವಾಗಿ ಮೇಲೇ ಇರುತ್ತದೆ.

ರುಮಟಾಯ್ಡ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರು ಮಾತ್ರೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿ. ಇದು ವಾರಕ್ಕೊಮ್ಮೆ ಮಾತ್ರ ನುಂಗುವ ಔಷಧಿ. ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ, ಹಾಗಾಗಿ ಆ ಸುತ್ತು ಎರಡು ಕೆಲಸ ಮಾಡುತ್ತದೆ. ಮಾರನೆಯ ದಿನ ಕೆಲವರಿಗೆ ಮೈ ಸೀಸದಷ್ಟು ಭಾರ. ಭಾನುವಾರ ರಾತ್ರಿ ನುಂಗಿ, ಸೋಮವಾರ ಮಾತ್ರ ಅಳೆದವರಿಗೆ ತಮ್ಮ ಇಡೀ ಬದುಕೇ 8 ಎಂದು ಕಾಣುತ್ತದೆ.

ಹೆಜ್ಜೆ 5: ತಿಂಗಳಿಗೊಮ್ಮೆ ದೊಡ್ಡ ಪ್ರಶ್ನಾವಳಿ

ದಿನದ ಅಂಕಿ ಏರಿಳಿತ ತೋರಿಸುತ್ತದೆ, ಬಗೆ ತೋರಿಸದು. ಅದಕ್ಕೆ ಸಿದ್ಧ ಪ್ರಶ್ನಾವಳಿಗಳಿವೆ. ಹತ್ತಾರು ಇವೆ, ಎಲ್ಲ ಬೇಡ. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ನಿಮ್ಮ ಡಾಕ್ಟರು ಯಾವುದನ್ನು ಬಲ್ಲರೋ ಅದೇ ಒಳ್ಳೆಯದು.

ರುಮಟಾಲಜಿಯಲ್ಲಿ ಹೆಚ್ಚು ಓಡಾಡುವುದು ಫ್ಯಾಸಿಟ್-ಫಟೀಗ್. ಅಮೆರಿಕದ ಡೇವಿಡ್ ಸೆಲ್ಲಾ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಸಿದ್ಧಪಡಿಸಿದ್ದು ಕ್ಯಾನ್ಸರ್ ಜೊತೆಗೆ ರಕ್ತಹೀನತೆ ಇದ್ದವರಿಗಾಗಿ. ಆಮೇಲೆ ರುಮಟಾಯ್ಡ್, ಲೂಪಸ್ ಎಲ್ಲಕ್ಕೂ ಬಂತು. ಕಳೆದ 7 ದಿನದ ಬಗ್ಗೆ 13 ವಾಕ್ಯ, ಒಂದೊಂದಕ್ಕೆ 0ಯಿಂದ 4. ಒಟ್ಟು 52. ಹೆಚ್ಚು ಬಂದಷ್ಟೂ ಸುಸ್ತು ಕಡಿಮೆ. ಬಹುಪಾಲು ವಾಕ್ಯಗಳು ಸುಸ್ತಿನವು, ಅವನ್ನು ತಿರುಗಿಸಿ ಎಣಿಸಬೇಕು: 4ರಿಂದ ಕಳೆಯಿರಿ. ಶಕ್ತಿಯಿದೆ, ಮಾಮೂಲಿ ಕೆಲಸ ಮಾಡಬಲ್ಲೆ ಎಂಬ ಎರಡನ್ನು ಮಾತ್ರ ಹಾಗೆಯೇ ಕೂಡಿಸಬೇಕು. ಒಂದು ಪ್ರಶ್ನೆ ಬಿಟ್ಟುಹೋದರೆ ಗಾಬರಿ ಬೇಡ: ಉತ್ತರಿಸಿದ 12ರ ಮೊತ್ತ 30 ಬಂದಿದ್ದರೆ, 30ನ್ನು 13ರಿಂದ ಗುಣಿಸಿ 12ರಿಂದ ಭಾಗಿಸಿ, 32.5. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗೆ ಉತ್ತರವಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಒಂದು ಸಲಕ್ಕೂ ಮುಂದಿನ ಸಲಕ್ಕೂ 3-4 ಅಂಕದ ವ್ಯತ್ಯಾಸ ಬಂದರೆ ಅದು ರೋಗಿಗೂ ಅರಿವಾಗುವಂಥ ಬದಲಾವಣೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಒಂದಂಕ ಹೆಚ್ಚಿತೆಂದು ಹಿಗ್ಗುವುದೂ ಬೇಡ, ಇಳಿಯಿತೆಂದು ಕುಗ್ಗುವುದೂ ಬೇಡ.

ಇನ್ನೊಂದು ಎಫ್‌ಎಸ್‌ಎಸ್. 1989ರಲ್ಲಿ ಲಾರೆನ್ ಕ್ರುಪ್ ಮತ್ತು ಸಂಗಡಿಗರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯ ಹಾಗೂ ಲೂಪಸ್‌ನ ರೋಗಿಗಳಲ್ಲಿ ಪರೀಕ್ಷಿಸಿ ತಂದದ್ದು. 9 ವಾಕ್ಯ, 1ರಿಂದ 7, ಕೊನೆಗೆ ಸರಾಸರಿ. ಒಟ್ಟು 45 ಬಂದರೆ ಸರಾಸರಿ 5. ನಾಲ್ಕು ಅಥವಾ ಹೆಚ್ಚಾದರೆ ಗಣನೀಯ ಆಯಾಸ. ಇಲ್ಲಿ ಹೆಚ್ಚು ಬಂದಷ್ಟೂ ಕೆಟ್ಟದ್ದು. ಬ್ರಾಫ್‌ಗೆ 20 ಪ್ರಶ್ನೆ, ಒಟ್ಟು 70, ಅದರಲ್ಲೂ ಹೆಚ್ಚು ಬಂದರೆ ಕೆಟ್ಟದ್ದು. ಜೊತೆಗೆ ಬ್ರಾಫ್‌ನವರದೇ ಮೂರು ಬಿಡಿ ಅಂಕಿಗಳಿವೆ, ನನಗೆ ಬಹಳ ಇಷ್ಟ: ಸುಸ್ತು ಎಷ್ಟು, ಅದರಿಂದ ಬದುಕಿಗೆ ತೊಂದರೆ ಎಷ್ಟು, ಎಷ್ಟರಮಟ್ಟಿಗೆ ನಿಭಾಯಿಸಿದಿರಿ. ಮೂರನೆಯದರಲ್ಲಿ ಮಾತ್ರ ಹೆಚ್ಚಿದ್ದರೆ ಒಳ್ಳೆಯದು. ಸುಸ್ತು 7ರಲ್ಲೇ ನಿಂತು ನಿಭಾಯಿಸುವಿಕೆ 3ರಿಂದ 6ಕ್ಕೆ ಏರಿದ್ದರೆ ಏನೋ ಒಳ್ಳೆಯದು ನಡೆದಿದೆ. ಒಂದೇ ಅಂಕಿಯಲ್ಲಿ ಅದು ಕಾಣುವುದಿಲ್ಲ.

ದಿಕ್ಕಿನ ಈ ಗೊಂದಲದಲ್ಲಿ ನಾನೇ ಮೋಸ ಹೋಗಿದ್ದೇನೆ. ಲೆಕ್ಕದ ಮೇಷ್ಟ್ರಾಗಿಯೂ! ಫ್ಯಾಸಿಟ್ 24ರಿಂದ 31ಕ್ಕೆ ಏರಿದ್ದನ್ನು ನೋಡಿ “ಡಾಕ್ಟ್ರೇ, ಸುಸ್ತು ಹೆಚ್ಚಾಗಿದೆ” ಅಂದೆ. ಅವರು ನನ್ನ ಮುಖ ನೋಡಿದರು, ಕಾಗದ ನೋಡಿದರು, “ಮೇಡಂ, ಇದು ಚೆನ್ನಾಗಿ ಆಗಿರೋದು” ಅಂದರು. ಅಂದಿನಿಂದ ಪ್ರತಿ ಅಂಕಿಯ ಪಕ್ಕ ‘ಏರಿದರೆ ಒಳ್ಳೆಯದು’ ಅಥವಾ ‘ಏರಿದರೆ ಕೆಟ್ಟದ್ದು’ ಎಂದು ಬರೆಯುತ್ತೇನೆ.

ಭಾಷೆಯ ಮಾತೊಂದಿದೆ. ಫ್ಯಾಸಿಟ್‌ನ ಇಂಗ್ಲಿಷಿನಲ್ಲಿ ಆಯಾಸಕ್ಕೆ ಎರಡು ಬೇರೆ ಬೇರೆ ಪದ ಬಳಸಿ ಎರಡು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಕೂತು ಕನ್ನಡಕ್ಕೆ ತಂದರೆ ಎರಡೂ ‘ನನಗೆ ಸುಸ್ತಾಗಿದೆ’ ಆಗಿಬಿಡುತ್ತದೆ. ಪ್ರಶ್ನಾವಳಿಯನ್ನು ಸರಿಯಾಗಿ ಕನ್ನಡಿಸುವವರು ಒಬ್ಬರಿಂದ ಅನುವಾದ ಮಾಡಿಸಿ, ಮೂಲ ನೋಡದ ಇನ್ನೊಬ್ಬರಿಂದ ವಾಪಸು ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ತಾಳೆ ನೋಡಿ, ಆಮೇಲೆ ರೋಗಿಗಳ ಮುಂದಿಟ್ಟು ‘ಇದನ್ನು ಓದಿದರೆ ನಿಮಗೇನು ಅರ್ಥವಾಯಿತು’ ಎಂದು ಕೇಳುತ್ತಾರೆ. ಹಾಗೆ ಸಿದ್ಧವಾದ, ಅನುಮತಿಯಿರುವ ಪ್ರತಿಯನ್ನು ಡಾಕ್ಟರ ಬಳಿ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಬಂದ ಅನುವಾದಕ್ಕೆ 52ರ ಲೆಕ್ಕ ಅನ್ವಯಿಸಬೇಡಿ. ಪ್ರಶ್ನೆಗಳನ್ನು ಮನೆಯವರು ಓದಿ ಹೇಳಬಹುದು, ಉತ್ತರ ಮಾತ್ರ ನಿಮ್ಮದೇ ಇರಲಿ. ನಮ್ಮ ಯಜಮಾನರು ಒಮ್ಮೆ ನನ್ನ ಪರವಾಗಿ ತುಂಬಿದರು. ಅವರ ಪ್ರಕಾರ ನನಗೆ ಸುಸ್ತು ಬರುವುದು ಅವರ ಅಕ್ಕ ಊರಿಂದ ಬಂದಾಗ ಮಾತ್ರ.

ಹೆಜ್ಜೆ 6: ಬೇರೆ ಕಳ್ಳರನ್ನು ಹುಡುಕಿ

ಅಂಕಿ ಎರಡು ಮೂರು ವಾರ ಮೇಲೇ ಕೂತಿದೆ ಎಂದರೆ ಎಲ್ಲವನ್ನೂ ಸಂಧಿವಾತದ ತಲೆಗೆ ಕಟ್ಟಬೇಡಿ. ಡಾಕ್ಟರನ್ನು ಕೇಳಿ ಮಾಡಿಸಬೇಕಾದ ಪರೀಕ್ಷೆಗಳು ಕೆಲವೇ. ಹಿಮೋಗ್ಲೋಬಿನ್: ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಥೈರಾಯ್ಡಿನ ಟಿಎಸ್‌ಎಚ್, ಮೈಮೇಲೆ ತಿರುಗಿಬೀಳುವ ಕಾಯಿಲೆ ಒಂದಿದ್ದವರಿಗೆ ಥೈರಾಯ್ಡಿನ ಮೇಲೂ ಅದು ತಿರುಗಿಬಿದ್ದಿರುವುದು ಅಪರೂಪವಲ್ಲ. ಬಿ-12, ಅದರಲ್ಲೂ ಸಸ್ಯಾಹಾರಿಗಳಿಗೆ ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಿಗೆ. ವಿಟಮಿನ್ ಡಿ.

ಫೆರಿಟಿನ್ ಬಗ್ಗೆ ಸ್ವಲ್ಪ ಎಚ್ಚರ. ಮೈಯಲ್ಲಿರುವ ಕಬ್ಬಿಣದ ದಾಸ್ತಾನು ಹೇಳುವ ಪರೀಕ್ಷೆ ಅದು. ಆದರೆ ಉರಿಯೂತವಿದ್ದಾಗ ಕಬ್ಬಿಣ ಇಲ್ಲದಿದ್ದರೂ ಫೆರಿಟಿನ್ ಏರಿಬಿಡುತ್ತದೆ. ನಮ್ಮಂಥವರ ರಿಪೋರ್ಟಿನಲ್ಲಿ ಅದು ‘ನಾರ್ಮಲ್’ ಎಂದಿದ್ದ ಮಾತ್ರಕ್ಕೆ ಕಬ್ಬಿಣ ಸಾಕಷ್ಟಿದೆ ಎಂದಾಗಲಿಲ್ಲ. ಸಿಆರ್‌ಪಿ ಜೊತೆಗಿಟ್ಟು ಓದಲು ಡಾಕ್ಟರಿಗೆ ಹೇಳಿ.

ಮನಸ್ಸು ಕುಗ್ಗಿದೆಯೇ ಎಂದು ನೋಡುವ ಪಿಎಚ್‌ಕ್ಯೂ-9 ಅನ್ನೂ ಹುಷಾರಾಗಿ ಓದಬೇಕು. ಅದರ ಒಂಬತ್ತು ಪ್ರಶ್ನೆಗಳಲ್ಲಿ ಒಂದು ಸುಸ್ತಿನದೇ, ಇನ್ನೊಂದು ನಿದ್ದೆಯದು. ಅವೆರಡಕ್ಕೇ ಅಂಕ ಹೆಚ್ಚಿ ‘ಖಿನ್ನತೆ’ ಎಂಬ ಹಣೆಪಟ್ಟಿ ಬೀಳಬಹುದು. ಉಳಿದ ಪ್ರಶ್ನೆಗಳಿಗೆ ಏನು ಬಂತು ಎಂದು ಬಿಡಿಸಿ ನೋಡಿಸಿ. ಹಾಗಂತ ಮನಸ್ಸಿನ ಕುಗ್ಗನ್ನು ತಳ್ಳಿಹಾಕಲೂಬಾರದು. ಎರಡೂ ಒಟ್ಟಿಗೆ ಇರುತ್ತವೆ, ಒಂದಕ್ಕೊಂದು ಗೊಬ್ಬರ ಹಾಕುತ್ತವೆ.

ಸ್ಟೀರಾಯ್ಡ್ ಡೋಸ್ ಇಳಿಸುವಾಗ ಸುಸ್ತು ಹೆಚ್ಚಾದರೆ ಇಳಿಸಿದ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ. ಬಹಳ ದಿನ ನುಂಗಿದವರು ಅದನ್ನು ತಾವಾಗಿ ಒಮ್ಮೆಗೇ ನಿಲ್ಲಿಸುವುದು ಅಪಾಯ.

ಹೆಜ್ಜೆ 7: ಕ್ಯಾಲೆಂಡರ್ ಓದುವುದು

ನನ್ನದೇ ಎರಡು ವಾರ ತೆಗೆದುಕೊಳ್ಳಿ. ಮೊದಲ ವಾರ, ಸೋಮವಾರದಿಂದ: 8, 6, 5, 4, 5, 5, 4. ಮೊತ್ತ 37, ಸರಾಸರಿ 5.3. ಎರಡನೇ ವಾರ: 8, 6, 5, 4, 8, 7, 6. ಮೊತ್ತ 44, ಸರಾಸರಿ 6.3.

ಸರಾಸರಿ ಒಂದಂಕ ಏರಿದೆ, ಕಾಯಿಲೆ ಹೆಚ್ಚಿದೆ ಎಂದು ಓದಿದರೆ ತಪ್ಪು. ಸೋಮವಾರದಿಂದ ಗುರುವಾರದವರೆಗೆ ಎರಡೂ ವಾರ ಅಚ್ಚು ಹಾಕಿದ ಹಾಗೆ ಒಂದೇ. ಸೋಮವಾರದ 8 ಮೆಥೋಟ್ರೆಕ್ಸೇಟಿನದು. ಎರಡನೇ ಶುಕ್ರವಾರದ 8 ಯಾರದು? ಚೌಕದಲ್ಲೇ ಬರೆದಿತ್ತು: ಗುರುವಾರ ‘ರಜಾ’. ಅಂದು 4 ಇತ್ತು, ಮೈ ಹಗುರವಾಗಿತ್ತು, ಸಿಕ್ಕಿದ್ದೇ ಸಾಕೆಂದು ಅಟ್ಟದ ಪಾತ್ರೆ ಇಳಿಸಿ ತೊಳೆದು, ಹಪ್ಪಳ ಒಣಗಿಸಿ, ಪೇಪರ್ ತಿದ್ದಿ ಮುಗಿಸಿದ್ದೆ. ಅದರ ಬಡ್ಡಿ ಮೂರು ದಿನ ಕಟ್ಟಿದೆ. ಒಳ್ಳೆಯ ದಿನದಲ್ಲಿ ಬಾಚಿಕೊಂಡು ಕೆಟ್ಟ ದಿನಕ್ಕೆ ಬೀಳುವ ಈ ಚಕ್ರ ನಮ್ಮಲ್ಲಿ ಬಹಳ ಜನಕ್ಕಿದೆ, ಅದು ಕಾಣುವುದು ದಿನದಿನದ ಅಂಕಿಯಲ್ಲಿ ಮಾತ್ರ. ಅದಕ್ಕೇ ಅಂಕಿಯ ಪಕ್ಕ ಎರಡಕ್ಷರದ ಟಿಪ್ಪಣಿ ಬೇಕು: ‘ಮದುವೆ’, ‘ಜ್ವರ’, ‘ಮುಟ್ಟು’, ‘ನಿದ್ದೆ ಇಲ್ಲ’. ಅದಕ್ಕಿಂತ ಉದ್ದ ಬೇಡ.

ಕೈಗಡಿಯಾರದ ಹೆಜ್ಜೆ ಎಣಿಕೆಯನ್ನು ಇದಕ್ಕೆ ಬದಲಾಗಿ ಬಳಸಬೇಡಿ. ಒಂಬತ್ತು ಸಾವಿರ ಹೆಜ್ಜೆ ನಡೆದ ದಿನವೇ 8 ಇರಬಹುದು, ಏಕೆಂದರೆ ನಡೆಯದೆ ವಿಧಿಯಿರಲಿಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ.

ಹೆಜ್ಜೆ 8: ಎರಡು ನಿಮಿಷದಲ್ಲಿ ಹೇಳುವುದು

ಕ್ಯಾಲೆಂಡರನ್ನೇ ಸುತ್ತಿ ಒಯ್ಯಬೇಡಿ. ನಾನು ಒಮ್ಮೆ ಒಯ್ದೆ, ಅರ್ಧ ಹೊತ್ತು ಹಾಲಿನ ಲೆಕ್ಕ ಯಾವುದು, ಸುಸ್ತಿನ ಲೆಕ್ಕ ಯಾವುದು ಎಂದು ಬಿಡಿಸುವುದರಲ್ಲೇ ಹೋಯಿತು. ಅಂಗೈಯಗಲದ ಚೀಟಿ ಸಾಕು. ಅದರಲ್ಲಿ ಮೂರು ಸಾಲು. ಕಳೆದ ತಿಂಗಳ ಸರಾಸರಿ, ಈ ತಿಂಗಳ ಸರಾಸರಿ. ಅತಿ ಕೆಟ್ಟ ದಿನ ಯಾವುದು, ಅದಕ್ಕೆ ಕಾರಣ ಹೊಳೆದಿದೆಯೇ. ಸುಸ್ತಿನಿಂದ ಬಿಟ್ಟುಹೋದ ಒಂದು ಕೆಲಸ. ಮೂರನೆಯದನ್ನು ಬಿಡಬೇಡಿ: “6.3” ಅಂದಾಗ ತಲೆಯಾಡಿಸುವ ಡಾಕ್ಟರು “ಮಧ್ಯಾಹ್ನದ ಪೀರಿಯಡ್ ಬೇರೆಯವರಿಗೆ ಬಿಟ್ಟುಕೊಟ್ಟೆ” ಅಂದಾಗ ಪೆನ್ನು ಕೆಳಗಿಡುತ್ತಾರೆ.

ಕೂತ ಕೂಡಲೇ ಚೀಟಿ ಕೊಡಿ, ಏಳುವಾಗ ಅಲ್ಲ. “ಕೀಲು ಪರವಾಗಿಲ್ಲ ಸಾರ್, ಸುಸ್ತಿಗೆ ಏನು ಮಾಡೋಣ?” ಎಂದು ಕೇಳಿ. ಮಾಡುವುದಕ್ಕೆ ಇದೆ. ಯೂಲಾರ್‌ನ ಶಿಫಾರಸು ರೋಗಿಗೆ ಹೊಂದುವ ವ್ಯಾಯಾಮ ಮತ್ತು ಮನಸ್ಸು-ನಡವಳಿಕೆಯ ತರಬೇತಿ ಎರಡನ್ನೂ ಹೇಳುತ್ತದೆ. ಬ್ರಿಟನ್ನಿನ ಲಿಫ್ಟ್ ಎಂಬ ಅಧ್ಯಯನದಲ್ಲಿ (2022) ಫೋನಿನಲ್ಲೇ ಇವುಗಳಲ್ಲಿ ಒಂದನ್ನು ಪಡೆದವರ ಆಯಾಸ, ಮಾಮೂಲಿ ಚಿಕಿತ್ಸೆಯವರದಕ್ಕಿಂತ ಕಡಿಮೆಯಾಯಿತು. ಅಲ್ಲಿ ಆಯಾಸ ಅಳೆದ ಎರಡು ಗೋಲುಗಳಲ್ಲಿ ಒಂದು ಮೇಲೆ ಹೇಳಿದ ಎಫ್‌ಎಸ್‌ಎಸ್. ಸುಸ್ತಾದವರಿಗೆ ವ್ಯಾಯಾಮ ಎಂದರೆ ನನಗೂ ಮೊದಲು ನಗು ಬಂದಿತ್ತು. ಫಿಸಿಯೋಥೆರಪಿಸ್ಟ್ ಹೇಳಿದ ಹತ್ತು ನಿಮಿಷದ ನಡಿಗೆ ಶುರುಮಾಡಿ ಆರು ವಾರವಾದಮೇಲೆ ಕ್ಯಾಲೆಂಡರಿನ ಗುರುವಾರಗಳು 4ರಿಂದ 3ಕ್ಕೆ ಬಂದವು. ಸೋಮವಾರಗಳು ಹಾಗೇ ಇದ್ದವು.

ಹೊಸದೇನು ಶುರುಮಾಡಿದರೂ, ಮಾತ್ರೆಯಾಗಲಿ ನಡಿಗೆಯಾಗಲಿ, ಶುರುಮಾಡುವ ಮುಂಚಿನ ಎರಡು ವಾರದ ಅಂಕಿ ಕೈಯಲ್ಲಿರಲಿ. ಡಿಸೆಂಬರ್ ಮುಗಿದು ಹೊಸ ಕ್ಯಾಲೆಂಡರ್ ತೂಗುಹಾಕುವಾಗ ಹಳೆಯದನ್ನು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಕೊಟ್ಟುಬಿಡಬೇಡಿ. ಮೊದಲು ಜನವರಿ ಹಾಳೆ ತಿರುಗಿಸಿ, ಗೂಟಗಳನ್ನು ಒಂದಕ್ಷರವೂ ಬದಲಿಸದೆ ಹೊಸದರ ಬೆನ್ನಿಗೆ ಬರೆದುಕೊಳ್ಳಿ.